ಎರಡು ಕುಲಾವಿ

ಕದರಯ್ಯ ಮಂಕಿ ಕ್ಯಾಪು ಹಾಕಿಕೊಂಡು ನಮ್ಮ ಗೇಟಿನ ಹತ್ತಿರ ನಿಂತಾಗ ಬೆಳಗಿನ ಏಳು ಗಂಟೆ. ಜನವರಿ ತಿಂಗಳು. ಎದುರು ಮನೆಯ ತೆಂಗಿನ ಗರಿಗಳ ಮೇಲಿನ ಮಂಜು ಇನ್ನೂ ಇಳಿದಿರಲಿಲ್ಲ.

"ಮೇಡಂ, ನೀವೇ ಒಂದ್ ಮಾತು ಹೇಳಿ ಅವ್ಳಿಗೆ. ಈ ಚಳೀಲಿ ಫ್ಯಾನ್ ಹಾಕ್ಕೊಂಡು ಮಲಗ್ತಾಳೆ. ಅದೂ ಐದರಲ್ಲಿ. ನಂಗೆ ಎರಡು ಕಂಬಳಿ, ಈ ಟೋಪಿ, ಕಾಲಿಗೆ ಸಾಕ್ಸು. ಆಫ್ ಮಾಡುದ್ರೆ ಎದ್ದು ಜಗಳ. ಜಗಳ ಆದ್ಮೇಲೆ ಅಳು. ಯಾಕೆ ಅಳ್ತೀಯೆ ಅಂದ್ರೆ ಗೊತ್ತಿಲ್ಲ ಅಂತಾಳೆ."

"ಡಾಕ್ಟರ ಹತ್ರ ಕರ್ಕೊಂಡು ಹೋಗಪ್ಪ."

"ಅವ್ಳನ್ನ ಕರ್ಕೊಂಡೋಗೋಕೆ ನಾನ್ಯಾರು ಮೇಡಂ? ಅವ್ಳೇ ಅರ್ಧ ಡಾಕ್ಟ್ರು."

ಅದು ಸುಳ್ಳಲ್ಲ. ಕದರಯ್ಯನ ಹೆಂಡತಿ ನರಸಿಂಹಮ್ಮ ಮಕ್ಕಳಿಗೂ ಬಾಣಂತಿಯರಿಗೂ ನೀರು ಹಾಕುವವಳು. ಗುಬ್ಬಿಯಲ್ಲಿ ಯಾರ ಮನೆಯಲ್ಲಿ ಮಗು ಹುಟ್ಟಿದರೂ ಆಸ್ಪತ್ರೆಯಿಂದ ಮನೆಗೆ ಬಂದ ಮಾರನೆಯ ಬೆಳಿಗ್ಗೆ ಅವಳಿಗೆ ಕರೆ ಬರುತ್ತದೆ. ಬಚ್ಚಲಿನಲ್ಲಿ ಮಣೆಯ ಮೇಲೆ ಕೂತು, ಕಾಲು ಚಾಚಿ, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಾಳೆ. ನಮ್ಮ ಬೀದಿಗೂ ಮಸೀದಿ ಬೀದಿಗೂ ಅವಳೊಬ್ಬಳೇ. ನನ್ನ ಮೊಮ್ಮಗನ ತಲೆ ದುಂಡಗಿರುವುದು ಅವಳ ಅಂಗೈಯಿಂದ. ಹೆಂಗಸಿನ ನಡಿಗೆ ನೋಡಿಯೇ ಎಷ್ಟನೇ ತಿಂಗಳೆಂದು ಹೇಳುತ್ತಾಳೆ ಎಂಬ ಹೆಸರಿತ್ತು ಅವಳಿಗೆ.

ನಾನು ಮೂವತ್ತು ವರ್ಷ ಇಲ್ಲಿಯ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿ ನಿವೃತ್ತಳಾದವಳು. ನನಗೆ ಈಗ ಎಪ್ಪತ್ತೆರಡು, ನರಸಿಂಹಮ್ಮನಿಗೆ ನಲವತ್ತೆಂಟು. ಅವಳ ಮಗಳು ಮೋನಿಕಾ ನನ್ನ ಜಗಲಿಯಲ್ಲೇ ಕೂತು ಹೋಂವರ್ಕ್ ಮಾಡಿದವಳು. ಈಗ ಕುಣಿಗಲ್‌ನಲ್ಲಿ ಗಂಡ ಅಶ್ವಥ್ ಮನೆಯಲ್ಲಿದ್ದಳು. ಚೊಚ್ಚಲ ಬಸುರಿ, ಏಳನೇ ತಿಂಗಳು.

ಏಳರಲ್ಲಿ ಮಗಳನ್ನು ಹೆರಿಗೆಗೆ ಕರೆತರಬೇಕು. ಏಳು ತಪ್ಪಿದರೆ ಒಂಬತ್ತರಲ್ಲಿ. ಎಂಟರಲ್ಲಿ ಹೊಸ್ತಿಲು ದಾಟಿಸುವುದಿಲ್ಲ. ಈ ನಿಯಮ ಊರಿಗೆಲ್ಲ ಹೇಳುತ್ತಿದ್ದವಳು ನರಸಿಂಹಮ್ಮನೇ. ಆದರೆ ಮಗಳನ್ನು ಕರೆತರುವ ಮಾತು ಬಂದರೆ ಅವಳ ಬಾಯಲ್ಲಿ ಒಂದೊಂದು ದಿನ ಒಂದೊಂದು ನೆಪ. ಮನೆಗೆ ಸುಣ್ಣ ಬಳಿಸಬೇಕು. ಬಾತ್‌ರೂಮಿನ ಟೈಲ್ಸ್ ಜಾರುತ್ತವೆ, ಬೇರೆ ಹಾಕಿಸಬೇಕು. ಬೀದಿಯಲ್ಲಿ ನಾಯಿ ಜಾಸ್ತಿಯಾಗಿವೆ. ಒಂದು ದಿನವಂತೂ ರೈಲಿನ ಸದ್ದಿಗೆ ಮಗು ಬೆಚ್ಚುತ್ತದೆ ಎಂದಳು. ನಮ್ಮ ಬೀದಿಗೆ ರೈಲಿನ ಸದ್ದು ಕೇಳುವುದೇ ಅಪರೂಪ.

ಆ ವಾರ ಮೋನಿಕಾ ನನಗೆ ಫೋನ್ ಮಾಡಿದಳು.

"ಮಿಸ್, ನಮ್ಮಮ್ಮಂಗೆ ಏನಾಗಿದೆ? ಊರವರ ಮಕ್ಕಳಿಗೆಲ್ಲ ನೀರು ಹಾಕ್ತಾಳೆ. ನಾನು ಹೋಗೋಕೆ ಮಾತ್ರ ಟೈಲ್ಸ್ ಪ್ರಾಬ್ಲಮ್ಮು. ನಮ್ಮತ್ತೆ ದಿನಾ ಕೇಳ್ತಾರೆ, ನಿಮ್ಮಮ್ಮ ಯಾವಾಗ ಬರ್ತಾರೆ ಅಂತ. ನಾನೇನು ಹೇಳ್ಲಿ?"

"ನಾನು ಕೇಳ್ತೀನಿ ಕಣೇ."

"ಕೇಳ್ಬೇಡಿ ಬಿಡಿ. ನನ್ನ ಬೇಡ ಅನ್ನೋರನ್ನ ಯಾಕೆ ಕೇಳೋದು."

ನಾನು ಕೇಳಿದೆ. ಸಂಜೆ ನರಸಿಂಹಮ್ಮ ನಮ್ಮ ಜಗಲಿಯಲ್ಲಿ ಉಪ್ಪು ಮುಂದಿಟ್ಟುಕೊಂಡು ಹುಣಸೆಕಾಯಿ ತಿನ್ನುತ್ತಿದ್ದಳು. ಹಣೆಯಲ್ಲಿ ಬೆವರಿತ್ತು. ನನ್ನ ಹೆಗಲ ಮೇಲೆ ಶಾಲಿತ್ತು.

"ಮೇಡಂ, ನಗಬಾರ್ದು."

"ನಗಲ್ಲ, ಹೇಳು."

"ನಾನು ಬಸ್ರಿ."

ನಾನು ನಗಲಿಲ್ಲ. ಅವಳು ಅರ್ಧ ಕಚ್ಚಿದ ಹುಣಸೆಕಾಯಿಯನ್ನು ಕೈಯಲ್ಲಿ ತಿರುಗಿಸುತ್ತ ಹೇಳಿದಳು. "ನಾಕು ತಿಂಗ್ಳಾಯ್ತು. ಹೊಟ್ಟೆ ಉಬ್ಬೈತೆ, ಎದೆ ಭಾರ, ಹುಳಿ ಬೇಕು ಅನ್ಸುತ್ತೆ. ಒಳಗೆ ಏನೋ ಆಡ್ದಂಗಾಗ್ತದೆ. ಎಲ್ಲಾ ಮೋನಿಕಾ ಹೊಟ್ಟೇಲಿದ್ದಾಗ ಇದ್ದಂಗೇ ಐತೆ."

"ಕದರಯ್ಯನಿಗೆ ಗೊತ್ತಾ?"

"ಸಾಕ್ಸ್ ಹಾಕ್ಕೊಂಡು ಮಲಗೋ ಮನುಷ್ಯಂಗೆ ಹೆಂಗೆ ಹೇಳ್ಲಿ ಮೇಡಂ?"

ಈ ಸಲ ಇಬ್ಬರೂ ನಕ್ಕೆವು. ನಕ್ಕು ಮುಗಿಯುವ ಮೊದಲೇ ಅವಳು ಹಳೆಯ ಮಾತು ತೆಗೆದಳು.

ಇಪ್ಪತ್ತೊಂದು ವರ್ಷದ ಹಿಂದೆ ಅವಳಿಗೆ ಇನ್ನೊಂದು ಮಗು ಹುಟ್ಟಿತ್ತು, ಗಂಡು. ಆಗ ಕದರಯ್ಯನ ತಂಗಿಯೂ ಹೆರಿಗೆಗೆಂದು ಅದೇ ಮನೆಗೆ ಬಂದಿದ್ದಳು. ಒಂದು ಸೂರಿನಡಿ ಇಬ್ಬರು ಬಸುರಿಯರು ಇರಬಾರದು, ಒಂದು ಇನ್ನೊಂದನ್ನು ತಿನ್ನುತ್ತದೆ ಎಂದು ಅತ್ತೆ ಹೇಳಿದ್ದರಂತೆ. ಬಡವರ ಮನೆ, ಯಾರನ್ನು ಎಲ್ಲಿಗೆ ಕಳಿಸುವುದು. ನರಸಿಂಹಮ್ಮನ ಮಗು ಒಂಬತ್ತು ದಿನ ಇತ್ತು. ನಾದಿನಿಯ ಮಗ ಉಳಿದ.

"ತುಮ್ಕೂರಲ್ಲಿ ಆಟೋ ಓಡಿಸ್ತಾನೆ ಅವ್ನು. ಅತ್ತೆ ಅಂತ ಬಾಳ ಪ್ರೀತಿ. ನೋಡ್ದಾಗೆಲ್ಲ, ನಮ್ದೂ ಇಷ್ಟೇ ಎತ್ರ ಇರ್ತಿತ್ತೇನೋ ಅಂತೀನಿ ಮನಸ್ಸಲ್ಲಿ." ಅವಳು ಹುಣಸೆಬೀಜವನ್ನು ಸೆರಗಿನಲ್ಲಿ ಒರೆಸಿ ಜಗಲಿಯ ಮೇಲಿಟ್ಟಳು. "ಈಗ ಮೋನಿಕಾ ಬಂದು, ಅವ್ಳುದಕ್ಕೆ ಏನಾರ ಆದ್ರೆ? ಬ್ಯಾಡ ಮೇಡಂ. ಕೋಪ ಮಾಡ್ಕೊಳ್ಳಿ ಬುಡಿ. ಕೋಪ ಇಳೀತದೆ."

"ಇದನ್ನ ಉಳಿಸ್ಕೊಳ್ಳೋದು ಅಂತ..."

"ತೆಗ್ಸು ಅಂತ ಮಾತ್ರ ಹೇಳ್ಬ್ಯಾಡಿ."

ನಾನು ಬಿ.ಎ. ಓದಿದವಳು. ಒಂದು ಬಸುರು ಇನ್ನೊಂದನ್ನು ತಿನ್ನುವುದಿಲ್ಲ ಎಂದು ಹೇಳಬಹುದಿತ್ತು. ಒಂಬತ್ತು ದಿನ ಮಗುವಿಗೆ ನೀರು ಹಾಕಿದ ಕೈ ಎದುರಿಗಿರುವಾಗ ಆ ಮಾತು ಬಾಯಿಗೆ ಬರಲಿಲ್ಲ. ಪರೀಕ್ಷೆ ಮಾಡಿಸಿದೆಯಾ ಎಂದಷ್ಟೇ ಕೇಳಿದೆ. ಎಲ್ಲಿ ಮಾಡಿಸುವುದು? ಗುಬ್ಬಿಯ ಯಾವ ಮೆಡಿಕಲ್ ಸ್ಟೋರಿಗೆ ಹೋದರೂ ಕೌಂಟರಿನ ಹಿಂದೆ ಅವಳು ನೀರು ಹಾಕಿದ ಮಗುವಿನ ಅಪ್ಪನೋ ಮಾವನೋ ಇರುತ್ತಾರೆ. ಊರಿನ ಬಸುರಿಯರೆಲ್ಲ ಇವಳನ್ನು ಕೇಳುವಾಗ ಇವಳು ಯಾರನ್ನು ಕೇಳಬೇಕು.

ಹೀಗೆ, ನಾನೇ ತುಮಕೂರಿಗೆ ಹೋದೆ. ಕಣ್ಣು ತೋರಿಸಿಕೊಳ್ಳುವುದಿತ್ತು ಎಂಬುದು ನನ್ನ ನೆಪ. ಬಸ್ ಸ್ಟ್ಯಾಂಡಿನ ಬಳಿ ನಾನು ಯಾವಾಗಲೂ ಬಿಪಿ ಮಾತ್ರೆ ಕೊಳ್ಳುವ ಅಂಗಡಿ ನಯಾಜ್ ಅಹಮದ್ ಅವರದು. ಎರಡು ಸಲ ಅಂಗಡಿಯ ಮುಂದೆ ಓಡಾಡಿ, ಗಿರಾಕಿಗಳು ಇಲ್ಲದಾಗ ಹತ್ತಿದೆ.

"ಬಸಿರು ನೋಡೋದು ಒಂದು ಸಿಗುತ್ತಲ್ಲ, ಅದು ಬೇಕಿತ್ತು."

"ಯಾರಿಗಮ್ಮ?"

ಮಗಳಿಗೆ ಎನ್ನಬಹುದಿತ್ತು, ಸೊಸೆಗೆ ಎನ್ನಬಹುದಿತ್ತು. ತರಗತಿಯಲ್ಲಿ ಸುಳ್ಳು ಹೇಳಿದ ಹುಡುಗಿಯರನ್ನು ನಿಲ್ಲಿಸಿದ ಅಭ್ಯಾಸ, ನನಗೇ ಸುಳ್ಳು ಬರಲಿಲ್ಲ. "ನನಗೆ" ಎಂದುಬಿಟ್ಟೆ.

ನಯಾಜ್ ಅಹಮದ್ ನನ್ನ ಬಿಳಿ ಕೂದಲನ್ನು ನೋಡಲಿಲ್ಲ. ಕಪಾಟಿನ ಕಡೆ ತಿರುಗಿ ಸ್ವಲ್ಪ ಹೊತ್ತು ಹುಡುಕಿದರು. ಹುಡುಕುವಷ್ಟು ಒಳಗೇನೂ ಅದು ಇರಲಿಲ್ಲ. ಎರಡು ಪೊಟ್ಟಣ ತೆಗೆದು ಹಳೇ ಪೇಪರಿನಲ್ಲಿ ಸುತ್ತಿ ಕೊಟ್ಟರು.

"ಎರಡು ಇರ್ಲಿ ಅಮ್ಮ. ಒಂದು ಸರಿಯಾಗಿ ಕಾಣದಿದ್ರೆ ಇನ್ನೊಂದು. ಬೆಳಿಗ್ಗೆ ಎದ್ದ ತಕ್ಷಣ ನೋಡ್ಬೇಕು." ಆಮೇಲೆ ಬಿಪಿ ಮಾತ್ರೆಯ ಸ್ಟ್ರಿಪ್ಪನ್ನೂ ಕತ್ತರಿಸಿ ಮೇಲಿಟ್ಟರು. "ಇದನ್ನ ಮಾತ್ರ ಬಿಡ್ಬೇಡಿ. ಇಂಥಾ ಟೈಮಲ್ಲಿ."

ಮಾರನೆಯ ಬೆಳಿಗ್ಗೆ ನರಸಿಂಹಮ್ಮ ಹಿತ್ತಲ ಬಾಗಿಲಿನಿಂದ ಬಂದಳು. ಆ ಕಡ್ಡಿಯನ್ನು ಕರವಸ್ತ್ರದಲ್ಲಿ ಸುತ್ತಿ ಎರಡೂ ಕೈಯಲ್ಲಿ ಹಿಡಿದಿದ್ದಳು. ಅವಳ ಮುಖ ಹಾಗೆ ಬೆಳಗಿದ್ದನ್ನು ನಾನು ಮೋನಿಕಾಳ ಮದುವೆಯಲ್ಲೂ ನೋಡಿರಲಿಲ್ಲ.

"ಬಂತು ಮೇಡಂ. ಒಂದು ಗೆರೆ."

ನಾನು ಕನ್ನಡಕ ಹುಡುಕಿದೆ.

"ಒಂದೇ. ಸಾಕು ನಮ್ಗೆ. ಎರಡು ಗೆರೆ ಬಂದಿದ್ರೆ ಅವಳಿಜವಳಿ ಸಾಕೋದು ಹೆಂಗೆ ಅಂತ ದೇವ್ರಿಗೆ ಕೈ ಮುಗ್ದೆ."

ಅವಳನ್ನು ಎಲ್ಲರೂ ಕರೆಯುವುದು ಮಗು ಹುಟ್ಟಿದ ಮೇಲೆ. ಕಡ್ಡಿಗಳ ಹಂತ ಅವಳಿಗೆ ಗೊತ್ತಿರಲಿಲ್ಲ. ಪೊಟ್ಟಣದ ಒಳಗಿದ್ದ ಕಾಗದವನ್ನು ನಾನು ಹಿಂದಿನ ಸಂಜೆಯೇ ಭೂತಗನ್ನಡಿ ಹಿಡಿದು ಓದಿದ್ದೆ. ಎರಡು ಗೆರೆ ಬಂದರೆ ಇದೆ. ಒಂದು ಬಂದರೆ ಇಲ್ಲ. ಅದನ್ನು ಅವಳಿಗೆ ಓದಿ ಹೇಳದೆ ಕೊಟ್ಟದ್ದು ನನ್ನ ತಪ್ಪು.

ಕೂತ್ಕೋ ಎಂದೆ. ಹಾಲು ಕಾಯಿಸಿ ಕಾಫಿ ಮಾಡಿದೆ. ಅವಳು ಊದಿ ಊದಿ ಕುಡಿಯುತ್ತ, ಆಷಾಢಕ್ಕೆ ಹೆರಿಗೆ ಆಗಬಹುದು, ಮಳೆಗಾಲ, ಬಟ್ಟೆ ಒಣಗುವುದಿಲ್ಲ, ಕೆಂಡದ ಮೇಲೆ ಬುಟ್ಟಿ ಮಗುಚಿ ಒಣಗಿಸಬೇಕು ಎಂದೆಲ್ಲ ಹೇಳಿದಳು. ನಾನು ಹ್ಞೂಂ ಎನ್ನುತ್ತಿದ್ದೆ. ಆ ಒಂದು ಲೋಟ ಕಾಫಿಯ ಹೊತ್ತು ಅವಳು ಬಸುರಿಯಾಗಿದ್ದಳು. ಲೋಟ ಕೆಳಗಿಟ್ಟ ಮೇಲೆ ಹೇಳಿದೆ.

ಅವಳು ಕಡ್ಡಿಯನ್ನು ಬೆಳಕಿಗೆ ಹಿಡಿದಳು. ಹತ್ತಿರ ತಂದಳು, ದೂರ ಹಿಡಿದಳು. ಅವಳಿಗೂ ಚಾಳೀಸು ಬಂದಿತ್ತು, ಒಪ್ಪಿಕೊಂಡಿರಲಿಲ್ಲ.

"ಇನ್ನೊಂದು ಐತಲ್ಲ ಮೇಡಂ. ನಾಳೆ ನೋಡಾನ."

ನಾಳೆಯೂ ಒಂದೇ ಗೆರೆ ಬಂತು.

ಮುಂದಿನ ಸೋಮವಾರ ತುಮಕೂರಿನ ಒಂದು ನರ್ಸಿಂಗ್ ಹೋಮಿಗೆ ಇಬ್ಬರೂ ಹೋದೆವು. ಹಾಲ್ ತುಂಬ ಹೊಟ್ಟೆ ಹೊತ್ತ ಹುಡುಗಿಯರು, ಪಕ್ಕದಲ್ಲಿ ಅವರ ತಾಯಂದಿರು. ಮೆಹನಾಜ್ ಎಂದು ಹೆಸರಿನ ಪಟ್ಟಿ ಹಾಕಿಕೊಂಡಿದ್ದ ನರ್ಸ್ ಬಂದು ನಮ್ಮಿಬ್ಬರನ್ನು ನೋಡಿ, ನಮ್ಮ ಹಿಂದೆಯೂ ನೋಡಿ, "ಪೇಷೆಂಟ್ ಎಲ್ಲಿ, ಟಾಯ್ಲೆಟ್‌ಗೆ ಹೋದ್ರಾ?" ಎಂದಳು. ನಾನು ನರಸಿಂಹಮ್ಮನ ಕಡೆ ಕೈ ತೋರಿಸಿದೆ. ಪಕ್ಕದ ಬೆಂಚಿನ ಹುಡುಗಿ ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡಳು. ಮೆಹನಾಜ್ ಅವಳತ್ತ ಒಮ್ಮೆ ನೋಡಿ, ಮುಂದಿನ ಟೋಕನ್ ತಪ್ಪಿಸಿ ನಮ್ಮನ್ನೇ ಒಳಗೆ ಕರೆದುಕೊಂಡಳು.

ಡಾಕ್ಟರು ಚಿಕ್ಕ ವಯಸ್ಸಿನವರು. ಸ್ಕ್ಯಾನ್ ಮಾಡಿ, ಪರದೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು, ಮುಟ್ಟು ನಿಲ್ಲುವ ಕಾಲ ಹೀಗೇ ಬರುತ್ತದೆ, ಬೆವರು, ನಿದ್ದೆ ಇಲ್ಲದಿರುವುದು, ಕೋಪ, ಅಳು, ಎಲ್ಲ ಅದರದ್ದೇ ಎಂದರು.

"ಒಳಗೆ ಆಡ್ದಂಗಾಗ್ತಿತ್ತಲ್ಲ ಅಮ್ಮ?"

ಡಾಕ್ಟರು ಏನೋ ಹೇಳಲು ಬಾಯಿ ತೆರೆದರು. ಅವಳ ಮುಖ ನೋಡಿ, "ಕೆಲವ್ರಿಗೆ ಹಾಗೆ ಅನ್ಸುತ್ತೆ" ಎಂದರು. ಮೆಹನಾಜ್ ಅವಳ ಹೊಟ್ಟೆಯ ಮೇಲಿನ ಅಂಟನ್ನು ತಾನೇ ಒರೆಸಿ, ಕೈ ಕೊಟ್ಟು ಎಬ್ಬಿಸಿ, ಸೀರೆಯ ನೆರಿಗೆಯನ್ನು ಸಿಕ್ಕಿಸಿಕೊಟ್ಟಳು. ಹಣ ಕಟ್ಟುವ ಕಿಟಕಿಯವರೆಗೆ ಅವಳ ಬೆನ್ನ ಮೇಲೆ ಕೈಯಿಟ್ಟೇ ಬಂದಳು.

ವಾಪಸು ಬರುವ ಬಸ್ಸಿನಲ್ಲಿ ನರಸಿಂಹಮ್ಮ ಕಿಟಕಿಯ ಕಡೆ ಕೂತಳು. ಹೊರಗೆ ನೋಡುತ್ತಲೇ ಕಂಡಕ್ಟರಿಗೆ ಆಧಾರ್ ಕಾರ್ಡು ತೋರಿಸಿದಳು. ಊರು ದಾಟಿ ಸ್ವಲ್ಪ ದೂರ ಬಂದ ಮೇಲೆ ಅವಳ ಹೆಗಲು ಕುಲುಕತೊಡಗಿತು. ಅಳುತ್ತಿದ್ದಾಳೆಂದು ಕೈ ಹಿಡಿದೆ. ನಗುತ್ತಿದ್ದಳು.

"ಅವ್ರು ಗ್ಯಾಸು ಅನ್ನಕ್ಕೆ ಬಂದ್ರು, ಬಾಯಿ ಮುಚ್ಕೊಂಡ್ರು. ನಾನ್ ನೋಡ್ದೆ."

"ಹೋಗ್ಲಿ ಬಿಡು."

"ಗ್ಯಾಸಿಗೆ ಕುಲಾವಿ ಹೊಲ್ದಿದೀನಿ ಮೇಡಂ ನಾನು. ನನ್ ಹಳೇ ವಾಯ್ಲ್ ಸೀರೇಲಿ. ಅಂಚಿಗೆ ಲೇಸ್ ಬೇರೆ ಹಾಕಿ."

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿ ತಾನೂ ಸುಮ್ಮನೆ ನಕ್ಕಳು. ಆಮೇಲೆ ನನ್ನ ನಗು ನಿಂತಿತು. ಅವಳ ಕಣ್ಣೀರು ನಿಲ್ಲಲಿಲ್ಲ. ಗುಬ್ಬಿ ಬರುವವರೆಗೂ ಕಿಟಕಿಯ ಕಡೆ ಮುಖ ಮಾಡಿಕೊಂಡು, ಧೂಳು ಬಿತ್ತೆಂಬಂತೆ ಒರೆಸಿಕೊಳ್ಳುತ್ತಲೇ ಇದ್ದಳು.

ಮನೆಗೆ ಬಂದ ಕೂಡಲೇ ಕುಣಿಗಲ್‌ಗೆ ಫೋನ್ ಮಾಡಿದಳು. ಬೀಗಿತ್ತಿ ತೆಗೆದುಕೊಂಡರು. ಸ್ಪೀಕರ್‌ನಲ್ಲಿತ್ತು, ನನಗೂ ಕೇಳಿಸಿತು.

"ನಾಳೆ ಬಂದು ಮೋನಿಕಾನ ಕರ್ಕೊಂಡು ಹೋಗ್ತೀವಿ ಅಕ್ಕ."

"ಟೈಲ್ಸ್ ಆಯ್ತಾ?"

"ಆಯ್ತು ಅಕ್ಕ."

"ಮೊನ್ನೆ ಶುಕ್ರವಾರಕ್ಕೆ ಎಂಟಕ್ಕೆ ಬಿತ್ತಲ್ಲಮ್ಮ. ಎಂಟರಲ್ಲಿ ಹೊಸ್ಲು ದಾಟಿಸ್ಬಾರ್ದು ಅಂತ ನಿಶ್ಚಿತಾರ್ಥದಲ್ಲೇ ಹೇಳ್ಕೊಟ್ಟಿದ್ದು ನೀನೇ. ಒಂಬತ್ತರಲ್ಲಿ ಬಾ."

ಅವಳ ನಿಯಮಕ್ಕೆ ಅವಳೇ ಸಿಕ್ಕಿದ್ದಳು. ಮೋನಿಕಾಗೆ ಕೊಡಿ ಎಂದಳು. ಅವಳು ಮಲಗಿದಾಳೆ ಎಂದರು ಬೀಗಿತ್ತಿ. ಸಂಜೆ ಐದು ಗಂಟೆ, ಹಿಂದೆ ಟಿವಿಯ ಸದ್ದಿತ್ತು.

ನರಸಿಂಹಮ್ಮ ಕ್ಯಾಲೆಂಡರಿನಲ್ಲಿ ಒಂಬತ್ತು ಬೀಳುವ ದಿನಕ್ಕೆ ಕುಂಕುಮದ ಚುಕ್ಕೆ ಇಟ್ಟಳು. ಟೈಲ್ಸ್ ನಿಜವಾಗಿಯೂ ಹಾಕಿಸಿದಳು. ಕದರಯ್ಯ ಕೊಬ್ಬರಿ ಮಂಡಿಯಿಂದ ಬಂದು ತಾನೇ ಸುಣ್ಣ ಬಳಿದ. ಹೆಂಡತಿಗೆ ಏನಾಗಿತ್ತು, ಏನಾಗಿರಲಿಲ್ಲ ಎಂಬುದನ್ನು ಅವಳು ಅವನಿಗೆ ಎಷ್ಟು ಹೇಳಿದಳೋ ನನಗೆ ತಿಳಿಯದು. ಆದರೆ ಫ್ಯಾನಿನ ದೂರು ಮತ್ತೆ ನನ್ನ ಹತ್ತಿರ ಬರಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಅವನ ಮಂಚ ಜಗಲಿಗೆ ಬಂದಿತ್ತು, ಫ್ಯಾನು ಅವಳಿಗೇ ಬಿಟ್ಟಿದ್ದ.

ಕುಂಕುಮದ ಚುಕ್ಕೆಗೆ ಇನ್ನೂ ಐದು ದಿನ ಇರುವಾಗ ಅಶ್ವಥ್ ಫೋನ್ ಮಾಡಿದ. ಮೋನಿಕಾಗೆ ಹೆಣ್ಣು ಮಗು. ಎರಡು ಕೆಜಿ ಇನ್ನೂರು ಗ್ರಾಂ, ಉಸಿರು ಚೆನ್ನಾಗಿದೆ, ಕೆಲವು ದಿನ ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರೆ. ಕದರಯ್ಯ, ನರಸಿಂಹಮ್ಮ ಇಬ್ಬರೂ ಕುಣಿಗಲ್‌ಗೆ ಓಡಿದರು. ರಾತ್ರಿಯಾಗುವ ಮೊದಲೇ ವಾಪಸು ಬಂದರು. ಕದರಯ್ಯನೊಬ್ಬನೇ ನಮ್ಮ ಗೇಟಿಗೆ ಬಂದ.

"ಮಗು ಚೆನ್ನಾಗೈತೆ ಮೇಡಂ. ಮೋನಿಕಾ ಇವ್ಳು ಒಳಕ್ಕೋದ ತಕ್ಷಣ ಗೋಡೆ ಕಡೆ ತಿರುಗ್ಬುಟ್ಲು."

ಆಮೇಲೆ ಎರಡು ವಾರ ನರಸಿಂಹಮ್ಮ ಕುಣಿಗಲ್ ಹೆಸರೆತ್ತಲಿಲ್ಲ. ಬೆಳಿಗ್ಗೆ ಎದ್ದು ಮಸೀದಿ ಬೀದಿಗೆ ಹೋಗುತ್ತಿದ್ದಳು. ಅಲ್ಲಿ ಖಮರುನ್ನೀಸಾ ಅವರ ಮೊಮ್ಮಗ ಮಹೀನ್‌ಗೆ ನೀರು ಹಾಕಬೇಕಿತ್ತು. ಒಂದು ದಿನ ಖಮರುನ್ನೀಸಾ ನಮ್ಮ ಮನೆಗೆ ಬಂದರು.

"ಟೀಚರಮ್ಮ, ನಿನ್ನೆ ನಮ್ಮ ಮಗೂಗೆ ನೀರ್ ಹಾಕ್ತಾ ಅದರ ಕಾಲು ಹಿಡ್ಕೊಂಡು ಹಂಗೇ ಕೂತುಬಿಟ್ಟಿದ್ಲು. ನೀರೆಲ್ಲ ಆರೋಯ್ತು. ನಾನೇನೂ ಅನ್ಲಿಲ್ಲ, ಇನ್ನೊಂದು ಕೊಡ ಕಾಯ್ಸಿದೆ. ನೀವು ಅವ್ಳನ್ನ ಮಗಳ ಹತ್ರ ಕರ್ಕೊಂಡೋಗಿ. ಒಂದು ವಾರ ನಮ್ಮ ಮಗೂಗೆ ನಾವೇ ಹಾಕ್ಕೋತೀವಿ."

ಆ ಭಾನುವಾರ ನಾನು ಅವಳನ್ನು ಹೊರಡಿಸಿದೆ. ತುಮಕೂರಿನಲ್ಲಿ ಬಸ್ಸು ಬದಲಿಸಿ ಕುಣಿಗಲ್ ತಲುಪುವಾಗ ಒಂಬತ್ತೂವರೆ. ಅಶ್ವಥ್ ಮನೆಯ ಬಚ್ಚಲಿನಿಂದ ಆಗಲೇ ಹೊಗೆ ಏಳುತ್ತಿತ್ತು. ಬೀಗಿತ್ತಿ ಬನ್ನಿ ಎಂದರು, ಚಾಪೆ ಹಾಸಿದರು, ಒಲೆಯ ಕಡೆ ಹೋದರು. ಮೋನಿಕಾ ತಲೆಗೆ ಬಟ್ಟೆ ಕಟ್ಟಿಕೊಂಡು ಮಂಚದ ಮೇಲಿದ್ದಳು.

"ಬನ್ನಿ ಮಿಸ್," ಎಂದಳು ನನಗೆ. ತಾಯಿಯನ್ನು ನೋಡಲಿಲ್ಲ.

ಕುಣಿಗಲ್‌ನಲ್ಲಿ ನೀರು ಹಾಕುವವರು ಚಿಕ್ಕಮಾರಮ್ಮ. ಅರವತ್ತು ದಾಟಿದ ಗಟ್ಟಿ ಮುದುಕಿ. ಮಗುವಿಗೆ ಎಣ್ಣೆ ಹಚ್ಚಿ ಮುಗಿಸಿ, ಮಣೆಯ ಮೇಲೆ ಕೂರಲು ಹೊರಟಿದ್ದರು. ನರಸಿಂಹಮ್ಮ ಬಚ್ಚಲ ಬಾಗಿಲಲ್ಲಿ ನಿಂತಳು. ಒಳಗೆ ಕಾಲಿಡಲಿಲ್ಲ. ಎರಡು ಕೈಯನ್ನೂ ಸೆರಗಿನೊಳಗೆ ಕಟ್ಟಿಕೊಂಡಿದ್ದಳು.

"ನೀನೇನಾ ಗುಬ್ಬಿ ನರಸಿಂಹಮ್ಮ?" ಎಂದರು ಚಿಕ್ಕಮಾರಮ್ಮ.

"ಹೂಂ ಕಣಕ್ಕ."

"ಹೆಸ್ರು ಕೇಳಿದೀನಿ." ಮುದುಕಿ ಅವಳನ್ನೂ, ಮಂಚದ ಮೇಲಿನ ಮೋನಿಕಾಳ ಬೆನ್ನನ್ನೂ ನೋಡಿದರು. ಆಮೇಲೆ ತಮ್ಮ ಬಲಗೈಯ ಮಣಿಕಟ್ಟನ್ನು ಎಡಗೈಯಲ್ಲಿ ಒತ್ತಿಕೊಂಡರು. "ಬೆಳಿಗ್ಗೆಯಿಂದ ಯಾಕೋ ಕೈ ಉಳುಕ್ದಂಗೆ ನೋಯ್ತೈತೆ ಕಣವ್ವ. ಇವತ್ತೊಂದಿನ ನೀನೇ ಹಾಕ್ಬುಡು."

ಈಗಷ್ಟೇ ಅದೇ ಕೈಯಲ್ಲಿ ಅವರು ತುಂಬಿದ ಹಂಡೆಯಿಂದ ಕೊಡಪಾನ ಎತ್ತಿಟ್ಟದ್ದನ್ನು ನಾನು ನೋಡಿದ್ದೆ. ಬೀಗಿತ್ತಿಯೂ ನೋಡಿದ್ದರು. ಅವರು ಒಲೆಗೆ ಇನ್ನೊಂದು ತೆಂಗಿನ ಮಟ್ಟೆ ತಳ್ಳಿದರು.

ನರಸಿಂಹಮ್ಮ ಕೂತಳು. ಕಾಲು ಚಾಚಿದಳು. ಮಗು ಅವಳ ಮೊಣಕಾಲಿನಿಂದ ಪಾದದವರೆಗೂ ಬರುತ್ತಿರಲಿಲ್ಲ, ಅಷ್ಟು ಸಣ್ಣದು. ಅವಳು ಊರಿನ ಮಕ್ಕಳಿಗೆ ಹೇಳುವ ತಮಾಷೆಯ ಮಾತು ಯಾವುದೂ ಹೇಳಲಿಲ್ಲ. ಮೊಣಕೈಯಿಂದ ನೀರಿನ ಬಿಸಿ ನೋಡಿದಳು, ತಣ್ಣೀರು ಬೆರೆಸಿದಳು, ಮತ್ತೆ ನೋಡಿದಳು. ಮೊದಲ ಚೊಂಬು ಸುರಿದಾಗ ಮಗು ಅಳಲಿಲ್ಲ. ಒಂದು ನಿಟ್ಟುಸಿರು ಬಿಟ್ಟು ಕಾಲು ಚಾಚಿತು.

ಅಷ್ಟರಲ್ಲಿ ಅವಳಿಗೆ ಆ ಬಿಸಿ ಏರಿತು. ಕುತ್ತಿಗೆ ಕೆಂಪಾಗಿ, ಹಣೆಯಿಂದ, ಗಲ್ಲದಿಂದ, ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕತೊಡಗಿತು. ಅದರಲ್ಲಿ ಎಷ್ಟು ಬೆವರೋ ಎಷ್ಟು ಬೇರೆಯೋ. ಕೈ ತೆಗೆದು ಒರೆಸಿಕೊಳ್ಳುವಂತಿರಲಿಲ್ಲ. ಚಿಕ್ಕಮಾರಮ್ಮ ಬಗ್ಗಿ ತಮ್ಮ ಸೆರಗಿನಿಂದ ಅವಳ ಮುಖ ಒರೆಸಿದರು.

"ನಿಂತೋಯ್ತಾ?" ಎಂದರು ಮೆಲ್ಲಗೆ.

"ನಿಂತೋಯ್ತು ಕಣಕ್ಕ."

"ಎರಡು ವರ್ಷ ಇರ್ತದೆ. ಬೂದುಗುಂಬಳದ ರಸ ಕುಡಿ."

ಮೋನಿಕಾ ಮಂಚದಿಂದಲೇ ನೋಡುತ್ತಿದ್ದಳು. ಯಾವಾಗ ಈ ಕಡೆ ತಿರುಗಿದಳೋ ನಾನು ಗಮನಿಸಿರಲಿಲ್ಲ.

"ಏನಮ್ಮ ಇದು. ಮಗೂಗಿಂತ ನೀನೇ ಜಾಸ್ತಿ ನೆಂದಿದೀಯ."

ನರಸಿಂಹಮ್ಮ ತಲೆ ಎತ್ತಲಿಲ್ಲ. "ನೀರು ಬಿಸಿ ಕಣೇ," ಎಂದಳು. ಎರಡು ತಿಂಗಳಲ್ಲಿ ತಾಯಿ ಮಗಳು ಆಡಿದ ಮೊದಲ ಮಾತು ಅದು.

ಮಗುವನ್ನು ಒರೆಸಿ, ಹೊಗೆ ಹಿಡಿದು, ಬಿಗಿಯಾಗಿ ಬಟ್ಟೆ ಸುತ್ತಿ ಮೋನಿಕಾಳ ಪಕ್ಕದಲ್ಲಿ ಮಲಗಿಸಿದ ಮೇಲೆ ಅವಳು ತನ್ನ ಬ್ಯಾಗಿನಿಂದ ಕುಲಾವಿ ತೆಗೆದಳು. ತಿಳಿ ಹಸಿರು ವಾಯ್ಲ್, ಅಂಚಿಗೆ ಬಿಳಿ ಲೇಸು. ಮಗುವಿನ ತಲೆಗೆ ಹಾಕಿ ಗಲ್ಲದ ಕೆಳಗೆ ದಾರ ಕಟ್ಟಿದಳು. ಹುಬ್ಬಿನವರೆಗೂ ಇಳಿಯಿತು, ದೊಡ್ಡದಾಗಿತ್ತು. ಮೋನಿಕಾ ಬ್ಯಾಗಿನೊಳಗೆ ಕೈ ಹಾಕಿ ಇನ್ನೊಂದನ್ನು ಎಳೆದಳು. ಅದೇ ಬಟ್ಟೆ, ಅದೇ ಲೇಸು.

"ಎರಡ್ಯಾಕೆ?"

ನಾನು ನನ್ನ ಕನ್ನಡಕ ಒರೆಸಿಕೊಳ್ಳತೊಡಗಿದೆ.

"ಒಂದು ಒಗ್ಯಾಕೆ ಹಾಕ್ದಾಗ ಇನ್ನೊಂದು ಬೇಕಲ್ಲೇನೇ," ಎಂದಳು ನರಸಿಂಹಮ್ಮ.

ಮೋನಿಕಾ ಎರಡನೆಯದನ್ನು ಮಡಿಸಿ ದಿಂಬಿನ ಕೆಳಗೆ ಇಟ್ಟುಕೊಂಡಳು. ಮಗುವಿನ ಕಡೆಯೇ ನೋಡುತ್ತ, "ಮೂರು ತಿಂಗ್ಳಾದ್ಮೇಲೆ ಬರ್ತೀನಿ," ಎಂದಳು. "ಅಷ್ಟೊತ್ತಿಗೆ ನಿನ್ನ ಟೈಲ್ಸ್ ಒಣಗಿರುತ್ತಾ?"

"ಒಣಗಿರ್ತದೆ."

ಹೊರಡುವಾಗ ಚಿಕ್ಕಮಾರಮ್ಮ ಜಗಲಿಯಲ್ಲಿ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಅಡಿಕೆಯನ್ನು ಬಲಗೈಯಲ್ಲೇ ಕುಟ್ಟುತ್ತಿದ್ದರು. ನಮ್ಮನ್ನು ನೋಡಿದ ಕೂಡಲೇ ಕೈ ಬದಲಾಯಿಸಿ, ಮಣಿಕಟ್ಟು ಹಿಡಿದುಕೊಂಡರು.

"ನಾಳೆಗೂ ನೋವು ಇರೋ ಹಂಗೈತೆ ಕಣವ್ವ," ಎಂದರು ನರಸಿಂಹಮ್ಮನಿಗೆ. "ನೀನು ಉಳ್ಕೊಂಡ್ರೆ ಒಳ್ಳೇದು."

ನರಸಿಂಹಮ್ಮ ನನ್ನ ಮುಖ ನೋಡಿದಳು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಹೋದಳು. ನಾನೊಬ್ಬಳೇ ಬಸ್ ಸ್ಟ್ಯಾಂಡಿಗೆ ನಡೆದೆ.